ಲೈಸೆನ್ಸ್ ಕಿತ್ಕೊಂಡ್ರೆ ಮುಗೀತಾ?

ನಿಮ್ಮ ಪತ್ರ ಬಂತು ಸಾರ್. ಸಿಟ್ಟಲ್ಲೇ ಬರೆದಿದ್ದೀರಿ ಅಂತ ಮೊದಲ ಸಾಲಲ್ಲೇ ಗೊತ್ತಾಯ್ತು. ಯಾವ ವಿಮಾನ ಬಿದ್ರೂ ಕೊನೇಗೆ ಪೈಲಟ್ ತಪ್ಪು ಅಂತಾನೇ ವರದಿ ಬರತ್ತೆ, ಅಂಥೋರ ಲೈಸೆನ್ಸ್ ಕಿತ್ಕೊಂಡು ಅನುಭವ ಇರೋರನ್ನ ಕೂರಿಸೋದು ಬಿಟ್ಟು ವರ್ಷಗಟ್ಲೆ ಅದೇನು ತನಿಖೆ ಮಾಡ್ತಾರೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪೈಲಟ್ ತಪ್ಪು ಅಂತ ಗೊತ್ತಾದ ಮೇಲೇನೇ ತನಿಖೆಯ ಅಸಲಿ ಕೆಲ್ಸ ಶುರುವಾಗೋದು, ಯಾಕಂದ್ರೆ ನಾಳೆ ಅದೇ ಸೀಟಲ್ಲಿ ಇನ್ನೊಬ್ಬ ಕೂರ್ತಾನೆ.

ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳದ್ದು ಒಂದು ವಿಚಿತ್ರ ಕಾಟ ಇತ್ತು, ಸರಿಯಾಗೇ ಲ್ಯಾಂಡ್ ಆಗಿ ರನ್‌ವೇ ಮೇಲೆ ಓಡ್ತಿರೋವಾಗ ಚಕ್ರ ಒಳಕ್ಕೆ ಮಡಚ್ಕೊಂಡು ವಿಮಾನದ ಹೊಟ್ಟೆ ನೆಲಕ್ಕೆ ಬಡಿಯೋದು. ಪೈಲಟ್‌ಗಳು ಫ್ಲಾಪ್ (ರೆಕ್ಕೆಯ ಹಿಂಬದಿಯ, ಇಳಿಯೋವಾಗ ಕೆಳಕ್ಕೆ ಬಾಗಿಸೋ ಪಟ್ಟಿ) ಎತ್ತೋಕೆ ಹೋಗಿ ಚಕ್ರ ಎತ್ತಿಬಿಡ್ತಿದ್ರು. ಆಲ್ಫಾನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ನೋಡಿದ್ರೆ ಎರಡೂ ಸ್ವಿಚ್ ಅಕ್ಕಪಕ್ಕ, ಮುಟ್ಟೋಕೂ ಒಂದೇ ಥರ! ಚಕ್ರದ್ದಕ್ಕೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲಾಪ್‌ದಕ್ಕೆ ಬೆಣೆ ಆಕಾರದ ತುಂಡು ಹಾಕ್ಸಿದ್ರು, ಕತ್ತಲಲ್ಲೂ ಕೈಗೇ ಗೊತ್ತಾಗೋ ಹಾಗೆ. ಇವತ್ತಿನ ವಿಮಾನಗಳಲ್ಲೂ ಚಕ್ರ ಎತ್ತಿ ಇಳಿಸೋ ಲಿವರ್‌ನ ತುದಿ ಚಕ್ರದ ಥರಾನೇ ಇರತ್ತೆ. ಎಷ್ಟು ಜನ ಪೈಲಟ್‌ಗಳನ್ನ ಮನೇಗೆ ಕಳ್ಸಿದ್ರೆ ಇದು ಆಗ್ತಿತ್ತು ಹೇಳಿ?

ಇನ್ನು ಅನುಭವದ ಮಾತು. 1977ರ ಮಾರ್ಚ್ 27, ಸ್ಪೇನ್‌ನ ಟೆನೆರೀಫ್ ದ್ವೀಪ, ರನ್‌ವೇ ಮೇಲೆ ಮಂಜು. ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ ಬೋಯಿಂಗ್ 747 ವಿಮಾನದ ಕ್ಯಾಪ್ಟನ್ ಬೇರೆ ಪೈಲಟ್‌ಗಳಿಗೆ ಪಾಠ ಹೇಳ್ತಿದ್ದ ಮನುಷ್ಯ, ಕಂಪನಿಯ ಜಾಹೀರಾತಲ್ಲೂ ಅವರದೇ ಮುಖ. ಕಂಟ್ರೋಲ್ ಟವರ್‌ನಿಂದ ಟೇಕಾಫ್ ಕ್ಲಿಯರೆನ್ಸ್, ಅಂದ್ರೆ ಹಾರೋಕೆ ಪರ್ಮಿಷನ್, ಸಿಗೋ ಮೊದ್ಲೇ ಹೊರಟುಬಿಟ್ರು. ಕಾಯಿರಿ ಅಂತ ಟವರ್ ಹೇಳ್ತಿರೋವಾಗ್ಲೇ ಅದೇ ರನ್‌ವೇಲಿದ್ದ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನದೋರೂ ಮಾತಾಡಿ, ಎರಡು ಮಾತೂ ಒಂದರ ಮೇಲೊಂದು ಬಿದ್ದು ರೇಡಿಯೋಲಿ ಬರೀ ಕೀರಲು ಸದ್ದು. ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಹಿಂದಿನಿಂದ ಕೇಳಿದ್ರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಅಂದ್ರು, ಅಷ್ಟು ದೊಡ್ಡ ಮನುಷ್ಯ ಹೇಳಿದ್ಮೇಲೆ ಮತ್ತೆ ಯಾರು ಕೇಳ್ತಾರೆ. ಎರಡು ವಿಮಾನಾನೂ ಡಿಕ್ಕಿ ಹೊಡೆದ್ವು, ಸತ್ತೋರು 583.

ಲೈಸೆನ್ಸ್ ಕಿತ್ಕೊಳ್ಳೋಕೆ ಕ್ಯಾಪ್ಟನ್ನೇ ಉಳಿದಿರಲಿಲ್ಲ. ಆಮೇಲೆ 'ಟೇಕಾಫ್' ಅನ್ನೋ ಪದಾನ ನಿಜವಾಗ್ಲೂ ಪರ್ಮಿಷನ್ ಕೊಡೋವಾಗ ಅಥವಾ ಅದನ್ನ ರದ್ದು ಮಾಡೋವಾಗ ಬಿಟ್ರೆ ರೇಡಿಯೋಲಿ ಆಡಬಾರ್ದು, ಅಲ್ಲೀತನಕ 'ಡಿಪಾರ್ಚರ್' ಅನ್ನಬೇಕು ಅಂತಾಯ್ತು. ಕಿರಿಯರು ಎರಡನೇ ಸಲಾನೂ ಕೇಳೋದು ಹೇಗೆ, ಹಿರಿಯರು ಕಿವಿ ಕೊಡೋದು ಹೇಗೆ ಅಂತ ಟ್ರೇನಿಂಗೇ ಶುರುವಾಯ್ತು. (ನಮ್ಮ ಆಫೀಸಲ್ಲೂ ಹೋದ ವರ್ಷ ಒಂದು ತಪ್ಪು ತಾರೀಖು ಅಚ್ಚಾಯ್ತು, ಪ್ರೂಫ್ ನೋಡೋ ಹುಡುಗಿ ಮೊದ್ಲೇ ಕೇಳಿದ್ಲು, ಸರಿಯಿದೆ ಹೋಗಮ್ಮಾ ಅಂದೋನು ನಾನೇ.)

ಶಿಕ್ಷೆ ಇಲ್ದಿದ್ರೆ ಸದರ ಆಗತ್ತೆ ಅಂತಲೂ ಬರೆದಿದ್ದೀರಿ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪನ್ನ ತಾವೇ ನಾಸಾಗೆ ಬರೆದು ಕಳಿಸ್ತಾರೆ, ಹೆಸ್ರು ತೆಗೆದೇ ಅದನ್ನ ದಾಖಲೆಗೆ ಸೇರಿಸ್ತಾರೆ. ಗೊತ್ತಿಲ್ದೇ ಆದ ತಪ್ಪನ್ನ 10 ದಿನದೊಳಗೆ ತಿಳಿಸಿದ್ರೆ ಸಾಮಾನ್ಯವಾಗಿ ದಂಡ ಇಲ್ಲ. ಬೇಕೂಂತ ಮಾಡಿದ್ದಕ್ಕೆ, ಅಪರಾಧಕ್ಕೆ ಈ ರಿಯಾಯ್ತಿ ಸಿಗಲ್ಲ. ಕುಡಿದು ಕಾಕ್‌ಪಿಟ್‌ಗೆ ಬರೋರ ವಿಷ್ಯ ಆದ್ರೆ ನಿಮ್ಮ ಪತ್ರದ ಕೆಳಗೆ ನನ್ನದೂ ಒಂದು ಸಹಿ ಹಾಕ್ಕೊಳ್ಳಿ.