ಎರಡು ತಿಂಗಳ ಕುದುರೆ ಮರಿ ಕಚ್ಚುತ್ತದೆ, ಮೈಮೇಲೆ ಹಾರುತ್ತದೆ. ಹೇಗೆ ಶಿಕ್ಷಿಸಲಿ?

ಶಿಕ್ಷಿಸಬೇಡಿ. ನಾನು ಸಾಕಿದ ಗಂಡು ಮರಿಯೂ ಇದೇ ವಯಸ್ಸಿನಲ್ಲಿ ಹೀಗೇ ಮಾಡುತ್ತಿತ್ತು, ಕಲಿಸಿದವನು ನಾನೇ. ದಿನಾ ಅದರ ಕತ್ತಿನ ಬುಡ ಕೆರೆಯುತ್ತಿದ್ದೆ. ಮರಿ ಸುಖಕ್ಕೆ ಮೇಲ್ದುಟಿ ಚಾಚಿ ನನ್ನ ತೋಳನ್ನು ಉಜ್ಜುತ್ತಿತ್ತು. ಮುದ್ದೆನಿಸಿ ಬಿಟ್ಟೆ. ಕುದುರೆಗಳು ಒಂದರ ಮೈಯನ್ನು ಇನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುತ್ತವೆ. ನಾನು ಕೆರೆದ ಮೇಲೆ ತಾನೂ ಕೆರೆಯಬೇಕು ಎಂಬುದು ಮರಿಯ ಲೆಕ್ಕ. ಮುಂದಿನ ನಡುಹಲ್ಲುಗಳು ಹುಟ್ಟಿದ ಮೊದಲ ವಾರದಲ್ಲೇ ಬರುತ್ತವೆ, ಅವುಗಳ ಪಕ್ಕದವು 4ರಿಂದ 6 ವಾರಕ್ಕೆ. ತುಟಿಯ ಜಾಗಕ್ಕೆ ಹಲ್ಲು ಬಂತು. ಆಗ ಮೂತಿಗೆ ಹೊಡೆದೆ. ಅಲ್ಲಿ ಪೂರ್ತಿ ಕೆಟ್ಟಿತು. ಗಂಡು ಮರಿಗಳ ಆಟವೇ ಹಾಗೆ: ಕಚ್ಚಬೇಕು, ತಲೆ ಹಿಂದೆಳೆದುಕೊಳ್ಳಬೇಕು, ಮತ್ತೆ ಕಚ್ಚಬೇಕು. ನನ್ನ ಏಟು ಆಟದಲ್ಲಿ ನನ್ನ ಸರದಿಯಾಯಿತು. ಕಚ್ಚುವುದು ಇನ್ನೂ ಚುರುಕಾಯಿತು, ಕೈ ಎತ್ತಿದರೆ ತಲೆ ಎಗರಿಸುವ ಚಾಳಿಯೂ ಅಂಟಿತು. ಆಮೇಲೆ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ತೊಡಿಸುವ ಪಟ್ಟಿ) ಹಾಕುವುದಕ್ಕೇ ತಿಂಗಳುಗಟ್ಟಲೆ ಒದ್ದಾಡಬೇಕಾಯಿತು.

ಕೆರೆಯಿರಿ, ಆದರೆ ಹೆಗಲ ಪಕ್ಕ ನಿಂತು, ಮೂತಿ ನಿಮ್ಮ ಕಡೆ ತಿರುಗದಂತೆ. ತುಟಿ ಚಾಚಿದ ಕ್ಷಣವೇ ಕೈ ನಿಲ್ಲಿಸಿ, ಅಂಗೈಯಿಂದ ಕತ್ತನ್ನು ಆಚೆ ಒತ್ತಿ ಎರಡು ಹೆಜ್ಜೆ ಸರಿಸಿ. ಸರಿದು ಸುಮ್ಮನೆ ನಿಂತರೆ ಮತ್ತೆ ಕೆರೆಯಿರಿ. ಎರಡು ಮೂರು ಸೆಕೆಂಡು ದಾಟಿದರೆ ಯಾವುದಕ್ಕೆ ತಡೆದಿರಿ ಎಂದು ಅದಕ್ಕೆ ತಿಳಿಯುವುದಿಲ್ಲ. ಕೈಯಿಂದ ತಿನ್ನಿಸುವುದನ್ನು ಇವತ್ತೇ ಬಿಡಿ, ಬಕೆಟ್ಟಿನಲ್ಲೇ ಹಾಕಿ.

ಮರಿ ನಿಮ್ಮ ಹೆಗಲ ಮೇಲೆ ಕಾಲಿಡಲಂತೂ ಒಮ್ಮೆಯೂ ಬಿಡಬೇಡಿ. ಬೆಳೆದಾಗ 500 ಕಿಲೋ ತೂಗುವ ತಳಿಯ ಮರಿ ಹುಟ್ಟುವಾಗ ಸುಮಾರು 50 ಕಿಲೋ, ಆರು ತಿಂಗಳಿಗೆ 200 ಕಿಲೋ ದಾಟಿರುತ್ತದೆ. ತಳ್ಳಾಟ ಆಡಬೇಡಿ, ಬೆನ್ನು ಕೊಟ್ಟು ನಿಲ್ಲಬೇಡಿ. ತೋಳಳತೆಗಿಂತ ಹತ್ತಿರ ನುಗ್ಗಿದರೆ ಹಗ್ಗದ ತುದಿಯನ್ನು ಅದರ ಎದೆಯ ಮುಂದೆ ತಿರುಗಿಸಿ. ಹಿಂದೆ ಸರಿದ ಕೂಡಲೇ ನಿಲ್ಲಿಸಿ.

ನಡೆಸುವಾಗ ತಲೆ ಹಿಡಿದು ಎಳೆಯಬೇಡಿ. ಎಳೆದರೆ ಮರಿ ಎದುರು ಜಗ್ಗಿ, ಎರಡು ಕಾಲ ಮೇಲೆ ಎದ್ದು, ಹಿಂದಕ್ಕೆ ಉರುಳಿ ತಲೆಗೆ ಪೆಟ್ಟು ಮಾಡಿಕೊಳ್ಳಬಹುದು. ಮೆತ್ತನೆಯ ಹಗ್ಗವನ್ನು ಹಿಂಭಾಗಕ್ಕೆ ಬಳಸಿ ಅಲ್ಲಿಂದ ಮುಂದೂಡಿ. ಒಂದು ಹೆಜ್ಜೆ ಇಟ್ಟರೂ ಸಡಿಲಿಸಿ. ದಿನಕ್ಕೆ 5ರಿಂದ 10 ನಿಮಿಷ ಸಾಕು. ಈ ವಯಸ್ಸಿನಲ್ಲಿ ಕಟ್ಟಿಹಾಕಲೇಬೇಡಿ, ಪಾಠ ಮುಗಿದ ಮೇಲೆ ಹಾಲ್ಟರ್ ಬಿಚ್ಚಿಬಿಡಿ. ಗೊರಸು ಎತ್ತುವುದು ಕೆಲವೇ ಸೆಕೆಂಡು, ಅದು ಕಾಲು ಕಿತ್ತುಕೊಳ್ಳುವ ಮೊದಲು ನೀವೇ ಇಳಿಸಬೇಕು.

ಇಷ್ಟೆಲ್ಲ ಹೇಳಿದರೂ, ತಂಟೆಗೆ ಮುಖ್ಯ ಕಾರಣ ಜೊತೆಗಾರರಿಲ್ಲದಿರುವುದು ಎಂದೇ ನನ್ನ ಖಚಿತ ಅಭಿಪ್ರಾಯ. ಓರಗೆಯ ಮರಿಯೊಂದು ಸಿಕ್ಕರೆ ಕಚ್ಚಾಟ, ಒದೆದಾಟವೆಲ್ಲ ಅದರ ಜೊತೆಗೇ ನಡೆಯುತ್ತದೆ. ಹದವಾದ ಸ್ವಭಾವದ ದೊಡ್ಡ ಕುದುರೆಯೂ ಬಯಲಿನಲ್ಲಿರಲಿ. ಅದು ಕಿವಿ ಹಿಂದೆ ಮಡಚುತ್ತದೆ, ಮರಿ ಕೇಳದಿದ್ದರೆ ಒಮ್ಮೆ ಮೆಲ್ಲಗೆ ಕಚ್ಚುತ್ತದೆ, ಅಲ್ಲಿಗೆ ಮುಗಿಯಿತು. ಆಗ ಮರಿ ಕತ್ತು ಚಾಚಿ ಬಾಯಿ ಪಟಪಟ ತೆರೆದು ಮುಚ್ಚಿದರೆ ಕಚ್ಚಲು ಬರುತ್ತಿದೆ ಎಂದು ತಿಳಿದು ಗದರಬೇಡಿ. ನಾನಿನ್ನೂ ಚಿಕ್ಕವನು, ಏನೂ ಮಾಡಬೇಡ ಎಂದು ಅದು ದೊಡ್ಡದಕ್ಕೆ ಹೇಳುತ್ತಿರುತ್ತದೆ.