ಅಮೆರಿಕದ ಸಲಿಂಗಿ ಮಾಜಿ ಸೈನಿಕರು ಸೇವೆಯಲ್ಲಿದ್ದಾಗ ಸುಮ್ಮನಿದ್ದು, ಈಗ ಯಾಕೆ ಮಾತಾಡುತ್ತಿದ್ದಾರೆ?

ಆಗ ಮಾತಾಡುವುದೇ ತಪ್ಪಾಗಿತ್ತು, ಅದಕ್ಕೆ. 1994ರಿಂದ 2011ರವರೆಗೆ ಅಲ್ಲಿನ ಸೇನೆಯಲ್ಲಿ ‘ಕೇಳಬೇಡ, ಹೇಳಬೇಡ’ ಎಂಬ ನೀತಿ ಇತ್ತು. ಅಧಿಕಾರಿಗಳು ಕೇಳುವಂತಿರಲಿಲ್ಲ. ಆದರೆ ‘ನಾನು ಸಲಿಂಗಿ’ ಎಂದು ಸೈನಿಕರು ಬಾಯಿಬಿಟ್ಟರೆ ಕೆಲಸ ಹೋಗುತ್ತಿತ್ತು, ಎಷ್ಟೇ ಚೆನ್ನಾಗಿ ದುಡಿದಿದ್ದರೂ. ಮನೆಯಲ್ಲಿ ಯಾರಿದ್ದಾರೆ ಅಂತ ಜೊತೆಯವರಿಗೆ ಹೇಳೋದಕ್ಕೂ ಹೆದರಬೇಕು. ಎಂಥ ಹಿಂಸೆ ಅಲ್ವಾ? 13,000ಕ್ಕೂ ಹೆಚ್ಚು ಜನ ಹೀಗೆ ಹೊರಬಿದ್ದರು.

ಈಗ ಮಾತಾಡಲು ಇನ್ನೊಂದು ಕಾರಣ, ಸೇವೆಯಿಂದ ಹೊರಹೋಗುವಾಗ ಸೇನೆ ಕೊಡುವ ಬಿಡುಗಡೆ ಪತ್ರ. ಅದರಲ್ಲಿ ‘ಗೌರವಯುತ’ ಎಂದು ಇಲ್ಲದವರಿಗೆ ಮಾಜಿ ಸೈನಿಕರ ಚಿಕಿತ್ಸೆ, ಓದಿನ ನೆರವಿನಂಥ ಸೌಲಭ್ಯ ಕೈತಪ್ಪಬಹುದಿತ್ತು. ತಿದ್ದಿಸಬೇಕೆಂದರೆ ಅವರೇ ಅರ್ಜಿ ಹಾಕಿ, ಆದದ್ದನ್ನೆಲ್ಲ ಮತ್ತೆ ಹೇಳಬೇಕು. ಹಾಗೆ ಒತ್ತಾಯ ಜಾಸ್ತಿಯಾದ ಮೇಲೆ, 2024ರಲ್ಲಿ ರಕ್ಷಣಾ ಇಲಾಖೆ ಅರ್ಜಿ ಕೇಳದೆಯೇ 800ಕ್ಕೂ ಹೆಚ್ಚು ಜನರ ಪತ್ರ ತಿದ್ದಿಕೊಟ್ಟಿತು.