ಕ್ಯೂಆರ್ ಕೋಡ್ ಯಾರ ಹೆಸರಲ್ಲಿದೆ?

ಫೋನ್‌ಪೇ ಇಟ್ಟುಕೊಳ್ಳಲೋ, ಗೂಗಲ್‌ಪೇಯೋ, ಇಲ್ಲಾ ನಗದೇ ಸಾಕೋ? ಸ್ವಂತ ದುಡಿಮೆ ಶುರು ಮಾಡಿದ ಹೆಣ್ಣುಮಕ್ಕಳು ಈ ಪ್ರಶ್ನೆ ಹಿಡಿದು ನನ್ನ ಬಳಿ ಸಲಹೆಗೆ ಬರುವುದು ಈಗ ಮಾಮೂಲು. ಹೊಲಿಗೆಯವರು, ಪಾರ್ಲರ್‌ನವರು, ಮನೆಪಾಠದವರು. ಆ್ಯಪ್ ಯಾವುದೆಂಬುದಕ್ಕೆ ಉತ್ತರ ಎರಡು ನಿಮಿಷದ್ದು: ಕೊಡುವವರ ಫೋನಿನಲ್ಲಿ ಯಾವುದಿದ್ದರೂ ಒಂದೇ ಯುಪಿಐ ಕೋಡಿಗೆ ಹಣ ಬಂದು ಬೀಳುತ್ತದೆ. ಕೂತು ಮಾತಾಡಬೇಕಾದ್ದು ಬೇರೆಯೇ ಇರುತ್ತದೆ. ಅದಕ್ಕೇ ಈ ಪ್ರಕರಣ. ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ.

ಆಕೆ ಕಲಬುರಗಿಯವರು, ಡೌಲಾ ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕಿಳಿದವರು. ಹೆರಿಗೆ ಮಾಡಿಸುವುದು ಡೌಲಾ ಕೆಲಸವಲ್ಲ. ಅದು ಡಾಕ್ಟರು, ನರ್ಸುಗಳದು. ನೋವಿನ ಹೊತ್ತಿನಲ್ಲಿ ಬೆನ್ನು ತಿಕ್ಕುವುದು, ಉಸಿರಾಟ ಹೇಳಿಕೊಡುವುದು, ಮಗ್ಗಲು ಬದಲಿಸಲು ನೆರವಾಗುವುದು, ಧೈರ್ಯ ಹೇಳುವುದು, ಮೊದಲ ಹಾಲೂಡಿಸುವಾಗ ಜೊತೆಗಿರುವುದು ಇವರ ಪಾಲಿನದು. ಶುಲ್ಕ 12,000 ರೂಪಾಯಿ. ಐದು ಹೆರಿಗೆ ಮುಗಿದಿದ್ದವು, ಪೂರ್ತಿ ದುಡ್ಡು ಬಂದದ್ದು ಎರಡರದ್ದು ಮಾತ್ರ.

ಅವರ ಕ್ಯೂಆರ್ ತೋರಿಸಲು ಹೇಳಿದೆ. ಲ್ಯಾಮಿನೇಶನ್ ಮಾಡಿಸಿದ ಕಾರ್ಡು ಬ್ಯಾಗಿನಿಂದ ಬಂತು. ಸ್ಕ್ಯಾನ್ ಮಾಡಿದರೆ ಪರದೆ ಮೇಲೆ ಗಂಡಸಿನ ಹೆಸರು.

"ನಮ್ಮ ಮನಿಯವರದ್ರಿ. ಬ್ಯಾಂಕಿಗಿ ಅವರದೇ ನಂಬರ್ ಕೊಟ್ಟದ. ನನ್ನ ಖಾತ್ಯಾಗ ಹಾಕಿದ್ರ ಜಾಸ್ತಿ ರೊಕ್ಕ ತಗಿಲಾಕ ಬರಂಗಿಲ್ರಿ."

"ಮತ್ತ ರೊಕ್ಕ ಬಂದಾವೋ ಇಲ್ಲೋ ನಿಮಗ ಹ್ಯಾಂಗ ಗೊತ್ತಾಗ್ತದ?"

"ಅವರಿಗಿ ಫೋನ್ ಹಚ್ಚಿ ಕೇಳ್ತೀನ್ರಿ."

"ರಾತ್ರಿ ಎರಡು ಗಂಟೇಕ ಹೆರಿಗಿ ಆದ್ರ?"

ಸ್ವಲ್ಪ ಹೊತ್ತು ಕಾರ್ಡನ್ನೇ ತಿರುವಿ ನೋಡುತ್ತ ಕೂತರು. "ರಾತ್ರಿ ಆದ್ರ ಕೇಳಂಗಿಲ್ರಿ ಮೇಡಂ. ಮಲಗಿರ್ತಾರ. ಹಂಗೇ ಬಿಟ್ಟು ಬರ್ತೀನಿ."

ಬಾಕಿ ಉಳಿದ ಮೂರೂ ರಾತ್ರಿ ಹೆರಿಗೆಗಳು. ಒಂದು ಮನೆಯವರಂತೂ "ಇದ್ಯಾರ ಹೆಸರ್ರಿ?" ಎಂದು ಸ್ಕ್ಯಾನ್ ಮಾಡಿದ್ದನ್ನೇ ಬಿಟ್ಟಿದ್ದರು.

ಆಕೆಯ ಜನಧನ್ ಖಾತೆ ಪೂರ್ತಿ ಕೆವೈಸಿ (ಗ್ರಾಹಕರ ಗುರುತಿನ ದಾಖಲೆ ಪರಿಶೀಲನೆ) ಇಲ್ಲದೆ ತೆರೆದ ಸಣ್ಣ ಖಾತೆ. ಇಂಥ ಖಾತೆಗೆ ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ತಿಂಗಳಿಗೆ 10,000 ದಾಟಿ ತೆಗೆಯುವಂತಿಲ್ಲ, ಶಿಲ್ಕು 50,000 ಮೀರುವಂತಿಲ್ಲ. 12,000 ಶುಲ್ಕದ ಕೆಲಸ ಮಾಡುವವರಿಗೆ ಇದು ಮೊದಲ ತಿಂಗಳೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆಧಾರ್, ಪ್ಯಾನ್, ಫೋಟೊ ಕೊಟ್ಟು ಕೆವೈಸಿ ಪೂರ್ತಿ ಮಾಡಿಸಿದರೆ ಅದೇ ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ. ಅದೇ ದಿನ ಮೊಬೈಲ್ ನಂಬರ್ ಬದಲಿಸುವ ಅರ್ಜಿಯನ್ನೂ ಕೊಡಿ ಎಂದೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ತಮ್ಮ ಫೋನಿನಲ್ಲೇ ಇರದಿದ್ದರೆ ಯುಪಿಐ ನೋಂದಣಿಯೇ ಆಗದು. ಆಮೇಲೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಹಾಕಿ ಪಿನ್ ಮಾಡಿಕೊಳ್ಳಬಹುದು. ಕಾರ್ಡ್ ಇಲ್ಲದವರಿಗೆ ಆಧಾರ್ ಓಟಿಪಿ ದಾರಿಯೂ ಇದೆ, ಆಧಾರಿಗೂ ಅದೇ ನಂಬರ್ ಜೋಡಿಸಿರಬೇಕಷ್ಟೆ.

ಗಂಡ-ಹೆಂಡಿರ ನಡುವೆ ನನ್ನದು-ನಿನ್ನದು ಹಚ್ಚುತ್ತೀರಿ ಎಂದು ಈ ಸಲಹೆಗೆ ಬೈಯುವವರಿದ್ದಾರೆ. ಬೈಯಲಿ. ಆ ಗಂಡ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ, ಒಳ್ಳೆಯ ಮನುಷ್ಯ. ಆದರೆ ಆತನದು ಕಿರಾಣಿ ಅಂಗಡಿ. ಅಂಗಡಿ ಜಮೆಯೊಳಗೆ ಹೆಂಡತಿಯ ಶುಲ್ಕ ಕಲೆತರೆ ನಾಳೆ ಯಾವುದು ಯಾರದೆಂದು ಬಿಡಿಸಿ ಹೇಳುವವರಾರು? 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದದ್ದು ಎಲ್ಲರಿಗೂ ನೆನಪಿದೆ. ಆಗಿನಿಂದ "ನಗದೇ ತಗೋತೀನ್ರಿ, ನೋಟಿಸ್ ಬರ್ತದ" ಎನ್ನುವವರು ಜಾಸ್ತಿಯಾಗಿದ್ದಾರೆ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಈಕೆ ತಿಂಗಳಿಗೆ ಎರಡು ಹೆರಿಗೆ ಹಿಡಿದರೂ ವರ್ಷಕ್ಕೆ 2,88,000. ತನ್ನ ಖಾತೆ ಬೇರೆ ಇದ್ದರೆ ಈ ಭಯಕ್ಕೆ ಜಾಗವೇ ಇಲ್ಲ. ಮುಂದೆ ಸಾಲ ಕೇಳಲು ಹೋದಾಗ ಬ್ಯಾಂಕು ನೋಡುವುದೂ ಆಕೆಯ ಪಾಸ್‌ಬುಕ್ಕನ್ನೇ.

ಹಣ ಬಿದ್ದೊಡನೆ ಕೂಗಿ ಹೇಳುವ ಸೌಂಡ್‌ಬಾಕ್ಸ್ ತಗೊಳ್ಳಲೇ ಎಂದು ಕೇಳಿದರು. ಅಂಗಡಿಗೆ ಅದು ಸರಿ, ಮನೆಮನೆ ತಿರುಗುವವರಿಗೆ ಸುಮ್ಮನೆ ತಿಂಗಳ ಬಾಡಿಗೆ. ಕೊಡುವವರು ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ತಮ್ಮ ಆ್ಯಪಿನಲ್ಲಿ ಜಮಾ ನೋಡಬೇಕು. ಹಣ ಪಡೆಯಲು ಪಿನ್ ಒತ್ತುವ ಪ್ರಸಂಗವೇ ಇಲ್ಲ. ಒತ್ತಿ ಎಂದವರು ಮೋಸಗಾರರು. ಹಳ್ಳಿ ಕಡೆ ನಗದು ಬೇಡವೆಂದರೆ ನಡೆಯದು. ಕಾರ್ಬನ್ ಇಟ್ಟು ಬರೆಯುವ ರಸೀದಿ ಪುಸ್ತಕ ಇರಲಿ: ತಾರೀಖು, ಕೊಟ್ಟವರ ಹೆಸರು, ಮೊತ್ತ, ಉಳಿದ ಬಾಕಿ. 5,000 ದಾಟಿದ ನಗದು ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಬೇಕು.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಭಾಗದ ರೂಢಿಯಲ್ಲಿದೆ. ಮಾತಾಡಿ ಗೊತ್ತುಮಾಡುವಾಗ ಹುಡುಗಿ ಗಂಡನ ಮನೆಯಲ್ಲಿರುತ್ತಾಳೆ. ಕುಬಸ (ಸೀಮಂತ) ಮುಗಿದ ಮೇಲೆ ತವರಿಗೆ ಬರುತ್ತಾಳೆ. ಬಾಕಿ ಕೇಳಿದರೆ ತವರಿನವರು ಬೀಗರ ಕಡೆ ಕೈ ತೋರಿಸುತ್ತಾರೆ, ಬೀಗರು ತವರಿನ ಕಡೆ. ಅದಕ್ಕೆ ಮೊದಲ ದಿನವೇ ಕೊಡುವವರು ಯಾರೆಂದು ಒಬ್ಬರ ಹೆಸರು, ನಂಬರ್ ಬರೆಸಿಕೊಳ್ಳಬೇಕು. ಪುಣೆಯಲ್ಲಿ ದುಡಿಯುವ ಅಳಿಯನಾದರೂ ಆಗಬಹುದು, ಅಲ್ಲಿಂದಲೇ ಹಾಕುತ್ತಾನೆ. ಗೊತ್ತುಮಾಡುವಾಗ 4,000, 34ನೇ ವಾರ ತುಂಬುವುದರೊಳಗೆ 6,000. ಆ ಬಳಿಕ ಯಾವಾಗ ಬೇಕಾದರೂ ನೋವು ಬರಬಹುದು. ಆಸ್ಪತ್ರೆಯ ಓಣಿಯಲ್ಲಿ ದುಡ್ಡಿನ ಮಾತು ತೆಗೆಯಲು ಯಾರಿಗೂ ಬಾಯಿ ಬರದು. ಉಳಿದ 2,000 ಹೆರಿಗೆ ಆದ ಮೇಲಿನ ಎರಡು ಭೇಟಿಗೆ. "ತೊಗರಿ ಮಾರಿದ ಮ್ಯಾಲ ಕೊಡ್ತೀವ್ರಿ" ಎಂದರೆ ಈ ಕಂತಿಗಷ್ಟೇ ಒಪ್ಪಿಕೊಳ್ಳಿ ಎಂದೆ.

ಸಿಸೇರಿಯನ್ ಆಗಿ ಆಪರೇಷನ್ ಕೋಣೆಗೆ ಬಿಡದಿದ್ದರೆ? ಹಗಲು-ರಾತ್ರಿ ಫೋನ್ ಕೈಯಲ್ಲಿ ಹಿಡಿದು ಕಾದದ್ದಕ್ಕೆ ಶುಲ್ಕ ಇದ್ದೇ ಇದೆ. ತಾನೇ ಹೋಗಲಾಗದೆ ಬದಲಿಯವರೂ ಸಿಗದಿದ್ದರೆ 6,000 ತಿರುಗಿ ಕೊಡಬೇಕು. ಕೂಸು ಉಳಿಯದಿದ್ದರೆ ಬಾಕಿ ಕೇಳಕೂಡದು. ಮೂರನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಲು ಹೇಳಿದೆ.

ಒಂದು ಮನೆಯವರು ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ತಾಟಿನಲ್ಲಿ 501 ರೂಪಾಯಿ ಇಟ್ಟು ಕಳಿಸಿದ್ದರು. ಸೂಲಗಿತ್ತಿಗೆ ಹೀಗೆ ಮಾಡಿ ರೂಢಿ, ಮೋಸ ಮಾಡಬೇಕೆಂದಲ್ಲ. ಉಡಿಯನ್ನು ಬೇಡ ಎನ್ನಬೇಡಿ, ಶುಲ್ಕದ ಲೆಕ್ಕಕ್ಕೂ ಹಿಡಿಯಬೇಡಿ ಎಂದೆ. "ಹಂಗಂದ್ರ ಉಡಿ ತುಂಬಿಸ್ಕೊಂಡು ಮತ್ತ ರೊಕ್ಕ ಕೇಳಬೇಕೇನ್ರಿ?" ಎಂದರು. ಹೌದು, ಕೇಳಬೇಕು.

ಹಳೆಯ ಮೂರು ಬಾಕಿಗೆ ಒಂದೊಂದೇ ಸಂದೇಶ ಕಳಿಸಲು ಹೇಳಿದೆ: "ನಮಸ್ಕಾರ್ರಿ ಅಕ್ಕಾ, ಕೂಸು ಆರಾಮ ಅದಲ್ರಿ? ನಮ್ಮ ಮಾತಿನ ಪ್ರಕಾರ ಇಷ್ಟು ಬಾಕಿ ಅದ. ಇದು ನನ್ನದೇ ಹೊಸ ನಂಬರ್." ಕೆವೈಸಿ ಆದ ಮರುವಾರ ಕಳಿಸಿದರು. ಒಬ್ಬರು ಅಂದೇ ಹಾಕಿದರು. ಒಬ್ಬರು ಬೀಗರನ್ನು ಕೇಳಿ ಹೇಳುತ್ತೇವೆ ಎಂದಿದ್ದಾರೆ. ಸೀರೆ ಉಡಿಸಿದ ಮನೆಯವರಿಗೆ ಕಳಿಸಲು ಆಕೆಗೆ ಇನ್ನೂ ಮನಸ್ಸಾಗಿಲ್ಲ.